ಮೇಲಿನ ಲೆವೆಲ್‌ನ ಕ್ಯಾಂಪೇನ್‌ಗೆ ನಡುವೆ ಸೇರುವವರು ಯಾವ ಕ್ಲಾಸ್ ಆರಿಸಿಕೊಳ್ಳಬೇಕು

ತುಮಕೂರಿನಂತಹ ಊರಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ನಡೆಸುವ ಆಟ) ಆಡುವ ಗುಂಪುಗಳು ಕಡಿಮೆ, ಇರುವ ಗುಂಪುಗಳ ಆಟವೂ ಬಹುಕಾಲದಿಂದ ನಡೆದುಬಂದದ್ದಾಗಿರುತ್ತದೆ. ಇಂಜಿನಿಯರಿಂಗ್ ಮುಗಿಸಿದವರು ಕೆಲಸ ಸಿಕ್ಕಿ ಬೆಂಗಳೂರಿಗೋ ಪುಣೆಗೋ ಹೊರಟುಹೋದಾಗ ಮೇಜಿನ ಸುತ್ತ ಒಂದೆರಡು ಕುರ್ಚಿಗಳು ಖಾಲಿಯಾಗುತ್ತವೆ. ಆ ಜಾಗಕ್ಕೆ ಬರುವ ಹೊಸಬರಿಗೆ ಮೊದಲ ಲೆವೆಲ್‌ನಿಂದ ಒಂದೊಂದಾಗಿ ಕಲಿಯುತ್ತ ಮೇಲೇರುವ ಅವಕಾಶ ಇರುವುದಿಲ್ಲ. ಹನ್ನೊಂದನೆಯದೋ ಹದಿಮೂರನೆಯದೋ ಲೆವೆಲ್‌ನಲ್ಲಿ ನಡೆಯುತ್ತಿರುವ ಕ್ಯಾಂಪೇನ್‌ನ (ಹಲವು ಕೂಟಗಳಲ್ಲಿ ಮುಂದುವರಿಯುವ ಕಥೆಯ) ನಟ್ಟನಡುವೆ ಅವರು ಕಾಲಿಡಬೇಕಾಗುತ್ತದೆ, ಜೊತೆಯವರು ಎರಡು ವರ್ಷ ಆಡಿ ರೂಢಿಸಿಕೊಂಡದ್ದನ್ನು ಒಂದು ಭಾನುವಾರದ ಮಧ್ಯಾಹ್ನದಲ್ಲಿ ಹಿಡಿಯಬೇಕಾಗುತ್ತದೆ. ಅಂಥವರು ಯಾವ ಕ್ಲಾಸ್ (ಯೋಧ, ಮಂತ್ರವಾದಿ ಎಂಬಂಥ ಪಾತ್ರದ ಬಗೆ) ಆರಿಸಿಕೊಂಡರೆ ತಾವೂ ತಬ್ಬಿಬ್ಬಾಗದೆ, ಜೊತೆಯವರನ್ನೂ ಕಾಯಿಸದೆ ಆಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದ ಐದನೆಯ ಆವೃತ್ತಿ 2014ರಲ್ಲಿ ಬಂದಿತು, ಅದರ ಪರಿಷ್ಕೃತ ರೂಪ 2024ರಲ್ಲಿ ಪ್ರಕಟವಾಯಿತು. ಹಳೆಯ ಕ್ಯಾಂಪೇನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿರುವುದರಿಂದ 2014ರ ನಿಯಮಗಳನ್ನೇ ಆಧಾರವಾಗಿ ಹಿಡಿದಿದ್ದೇನೆ. 2024ರ ನಿಯಮದಿಂದ ಸಲಹೆ ಬದಲಾಗುವ ಕಡೆ ಮಾತ್ರ ಅದನ್ನು ಪ್ರಸ್ತಾಪಿಸುತ್ತೇನೆ. ಲೆಕ್ಕಗಳಿಗೆಲ್ಲ 13ನೇ ಲೆವೆಲ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಸುಲಭ ಎಂದರೆ ಏನು

ಕ್ಲಾಸ್‌ಗಳ ಪರಿಚಯ ಬರೆಯುವವರು ಸಾಮಾನ್ಯವಾಗಿ ಮೊದಲ ಲೆವೆಲ್‌ನ ದೃಷ್ಟಿಯಿಂದ ಸುಲಭ, ಕಷ್ಟ ಎಂದು ವಿಂಗಡಿಸುತ್ತಾರೆ. ಆ ವಿಂಗಡಣೆ ಮೇಲಿನ ಲೆವೆಲ್‌ಗೆ ಹಾಗೆಯೇ ಹೊಂದುವುದಿಲ್ಲ. ಮೊದಲ ಲೆವೆಲ್‌ನ ವಿಝಾರ್ಡ್‌ಗೆ, ಅಂದರೆ ಮಂತ್ರವಾದಿಗೆ, ಸ್ಪೆಲ್ ಸ್ಲಾಟ್‌ಗಳು (ಸ್ಪೆಲ್ ಅಂದರೆ ಮಂತ್ರ, ಅದನ್ನು ಹಾಕಲು ಖರ್ಚಾಗುವ ಅವಕಾಶವೇ ಸ್ಲಾಟ್) ಎರಡೇ. ಅದು ಮುಗಿದರೆ ಸ್ಲಾಟ್ ಬೇಡದ ಒಂದು ಪುಟ್ಟ ಕ್ಯಾಂಟ್ರಿಪ್ ಹಾಕಿ ಸುಮ್ಮನಿರಬಹುದು. ಅದೇ ವಿಝಾರ್ಡ್ 13ನೇ ಲೆವೆಲ್ ತಲುಪುವ ಹೊತ್ತಿಗೆ ಏಳು ಹಂತಗಳಲ್ಲಿ ಹಂಚಿಹೋದ 17 ಸ್ಲಾಟ್‌ಗಳು ಕೈಯಲ್ಲಿರುತ್ತವೆ, ಬುದ್ಧಿಯ ಮಾಡಿಫೈಯರ್ (ಆ ಗುಣದ ಅಂಕದಿಂದ ಸಿಗುವ ಕೂಡಿಕೆ) +5 ಇದ್ದರೆ ದಿನಕ್ಕೆ 18 ಸ್ಪೆಲ್‌ಗಳನ್ನು ಸಿದ್ಧಪಡಿಸಿಕೊಳ್ಳಬಹುದು, ಯಾವ ಹದಿನೆಂಟು ಎಂಬುದನ್ನು ಅದಕ್ಕಿಂತ ಉದ್ದನೆಯ ಪಟ್ಟಿಯಿಂದ ಆರಿಸಬೇಕು. ಮೊದಲಿನಿಂದ ಆಡಿದವರಿಗೆ ಈ ಪಟ್ಟಿ ವರ್ಷಗಟ್ಟಲೆ ಕೂಡುತ್ತ ಬಂದದ್ದರಿಂದ ಭಾರ ಎನಿಸುವುದಿಲ್ಲ. ನಡುವೆ ಬಂದವರಿಗೆ ಅಷ್ಟೂ ಒಮ್ಮೆಗೇ ಮೈಮೇಲೆ ಬೀಳುತ್ತದೆ.

ಹಾಗಾಗಿ ನಾನು ಸುಲಭತನವನ್ನು ಅಳೆಯುವುದು ಎರಡು ಪ್ರಶ್ನೆಗಳಿಂದ. ನಿಮ್ಮ ಸರದಿ ಬಂದಾಗ ಎಷ್ಟು ತೀರ್ಮಾನಗಳನ್ನು ತೆಗೆದುಕೊಳ್ಳಬೇಕು ಎಂಬುದು ಮೊದಲನೆಯದು. ಒಂದು ಸರದಿಯಲ್ಲಿ ಒಂದು ಆ್ಯಕ್ಷನ್, ಸಾಧ್ಯವಿದ್ದರೆ ಒಂದು ಬೋನಸ್ ಆ್ಯಕ್ಷನ್ ಮತ್ತು ಓಡಾಟ ಇರುತ್ತವೆ. ಇನ್ನೊಬ್ಬರ ಸರದಿಯಲ್ಲಿ ಬಳಸಲು ಒಂದು ರಿಯಾಕ್ಷನ್ ಇರುತ್ತದೆ. ಈ ನಾಲ್ಕಕ್ಕೂ ಹತ್ತಾರು ಆಯ್ಕೆಗಳಿರುವ ಕ್ಲಾಸ್ ಕಷ್ಟ, ಎರಡು ಮೂರು ಆಯ್ಕೆಗಳಿರುವುದು ಸುಲಭ. ಸರದಿ ಮುಗಿದ ಮೇಲೂ ಏನೇನನ್ನು ಲೆಕ್ಕವಿಟ್ಟುಕೊಂಡಿರಬೇಕು ಎಂಬುದು ಎರಡನೆಯದು. ಯಾವ ಸ್ಪೆಲ್‌ನ ಮೇಲೆ ಕಾನ್ಸೆಂಟ್ರೇಷನ್ (ಅದನ್ನು ಉಳಿಸಿಕೊಳ್ಳಲು ಬೇಕಾದ ಏಕಾಗ್ರತೆ) ಇದೆ, ಎಷ್ಟು ಪಾಯಿಂಟ್ ಉಳಿದಿದೆ, ಕರೆಸಿದ ಪ್ರಾಣಿಗಳು ಎಲ್ಲಿ ನಿಂತಿವೆ ಎಂಬಂಥ ಲೆಕ್ಕಗಳು ಹೆಚ್ಚಿದಷ್ಟೂ ಹೊಸಬರು ಎಡವುತ್ತಾರೆ. ಗುಬ್ಬಿ ಕಂಪನಿಯ ನಾಟಕಗಳನ್ನು ಕಂಡ ಸೀಮೆಯವರಿಗೆ ಪಾತ್ರ ಹಂಚುವ ಈ ವಿವೇಕ ಹೊಸದೇನಲ್ಲ: ನಾಳೆಯ ಆಟಕ್ಕೆ ಇಂದು ಬಂದ ನಟನಿಗೆ ಕತ್ತಿವರಸೆ ಇರುವ ಪಾತ್ರ ಕೊಡಬಹುದು, ಉದ್ದುದ್ದ ಮಾತಿರುವ ಪಾತ್ರ ಕೊಡಲಾಗದು.

ಸಮಯದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. ಐವರು ಆಟಗಾರರು, ಕಥೆಯನ್ನೂ ಶತ್ರುಗಳನ್ನೂ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಒಬ್ಬರು. ಒಂದೊಂದು ಸರದಿಗೆ ಐದು ನಿಮಿಷ ಹಿಡಿದರೆ ಒಂದು ಸುತ್ತಿಗೆ ಅರ್ಧ ಗಂಟೆ, ನಾಲ್ಕು ಸುತ್ತಿನ ಒಂದು ಕಾಳಗಕ್ಕೆ ಎರಡು ಗಂಟೆ. ಭಾನುವಾರ ಸಂಜೆಯ ರೈಲಿಗೆ ಬೆಂಗಳೂರಿಗೆ ಮರಳಬೇಕಾದವರು ಗುಂಪಿನಲ್ಲಿ ಇಬ್ಬರಿದ್ದರೂ ಸಾಕು, ಯಾರ ಸರದಿ ಎಷ್ಟು ಹೊತ್ತು ಹಿಡಿಯಿತು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಹೊಸಬರಿಗೆ ಅದು ತಿಳಿಯುತ್ತದೆ, ಅವಸರದಲ್ಲಿ ತಪ್ಪು ತೀರ್ಮಾನವೂ ಆಗುತ್ತದೆ.

ಮೊದಲ ಆಯ್ಕೆ: ಬಿಲ್ಲು ಹಿಡಿದ ಫೈಟರ್

ಫೈಟರ್ ಕ್ಲಾಸ್‌ನಲ್ಲಿ ಚಾಂಪಿಯನ್ ಎಂಬ ಉಪವಿಭಾಗವನ್ನು ಆರಿಸಿಕೊಳ್ಳಿ ಎಂಬುದು ಬಹಳ ಜನ ಕೊಡುವ ಸಲಹೆ, ಅದು ಸರಿಯಾದ ಸಲಹೆಯೇ. ಚಾಂಪಿಯನ್‌ಗೆ ಸಿಗುವ ಶಕ್ತಿಗಳು ಬಹುಪಾಲು ತಾವಾಗಿಯೇ ನಡೆಯುವಂಥವು. ಉಳಿದವರಿಗೆ 20 ಮುಖದ ದಾಳದಲ್ಲಿ 20 ಬಿದ್ದರೆ ಮಾತ್ರ ಕ್ರಿಟಿಕಲ್ (ಹಾನಿಯ ದಾಳ ಎರಡು ಪಟ್ಟಾಗುವ ಹೊಡೆತ), ಆದರೆ ಚಾಂಪಿಯನ್‌ಗೆ 19 ಬಿದ್ದರೂ ಕ್ರಿಟಿಕಲ್, 15ನೇ ಲೆವೆಲ್‌ನಿಂದ 18 ಬಿದ್ದರೂ ಸರಿ. ಇದನ್ನು ಬಳಸಲು ಏನನ್ನೂ ಯೋಚಿಸಬೇಕಾಗಿಲ್ಲ, ಗರ ಬಿದ್ದಾಗ ನೋಡಿಕೊಂಡರೆ ಸಾಕು. 11ನೇ ಲೆವೆಲ್‌ನಿಂದ ಒಂದು ಆ್ಯಕ್ಷನ್‌ಗೆ ಮೂರು ಹೊಡೆತ. ನೆನಪಿಟ್ಟುಕೊಂಡು ಬಳಸಬೇಕಾದವು ಮೂರೇ: ಇನ್ನೊಂದು ಆ್ಯಕ್ಷನ್ ಕೊಡುವ ಆ್ಯಕ್ಷನ್ ಸರ್ಜ್, ಹತ್ತು ಮುಖದ ದಾಳದ ಗರಕ್ಕೆ ಫೈಟರ್ ಲೆವೆಲ್ ಕೂಡಿಸಿದಷ್ಟು ಹಿಟ್ ಪಾಯಿಂಟ್ (ಪ್ರಾಣದ ಅಂಕ) ಮರಳಿಸುವ ಸೆಕೆಂಡ್ ವಿಂಡ್, ಸೋತ ಸೇವಿಂಗ್ ಥ್ರೋವನ್ನು (ಅಪಾಯದಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳವನ್ನು) ಮತ್ತೆ ಉರುಳಿಸಲು ಬಿಡುವ ಇನ್‌ಡಾಮಿಟಬಲ್. ಮೊದಲ ಎರಡು ಸ್ವಲ್ಪ ವಿರಾಮ ತೆಗೆದುಕೊಂಡರೆ ಮರಳಿ ಬರುತ್ತವೆ. ಮೂರನೆಯದು 13ನೇ ಲೆವೆಲ್‌ನಲ್ಲಿ ಎರಡು ಬಾರಿ, ರಾತ್ರಿಯ ನಿದ್ದೆಯ ನಂತರ ಮತ್ತೆ.

ಆದರೆ ಆ ಸಲಹೆ ಕೊಡುವವರು ಸಾಮಾನ್ಯವಾಗಿ ಫೈಟರ್‌ನ ಕೈಗೆ ದೊಡ್ಡ ಕತ್ತಿಯನ್ನು ಕೊಡುತ್ತಾರೆ. ನಾನು ಬಿಲ್ಲನ್ನು ಕೊಡುತ್ತೇನೆ, ಅದಕ್ಕೆ ಕಾರಣವನ್ನು ಲೆಕ್ಕಸಹಿತ ಹೇಳುವುದು ಒಳ್ಳೆಯದು. ಈ ಮಟ್ಟದಲ್ಲಿ ಎದುರಾಗುವ ಶತ್ರುಗಳಲ್ಲಿ ಹಾರುವವು ಹೆಚ್ಚು. ಬೆಳೆದ ಕೆಂಪು ಡ್ರ್ಯಾಗನ್ ಅನ್ನೇ ತೆಗೆದುಕೊಂಡರೆ ಅದರ ಆರ್ಮರ್ ಕ್ಲಾಸ್ (ಏಟು ತಗುಲಲು ದಾಳದ ಮೊತ್ತ ಮುಟ್ಟಬೇಕಾದ ಅಂಕ) 19, ಹಿಟ್ ಪಾಯಿಂಟ್ 256, ಒಂದು ಸರದಿಯಲ್ಲಿ 80 ಅಡಿ ಹಾರುತ್ತದೆ. ಅದು ಮೇಲೆ ಸುತ್ತುತ್ತಿದ್ದರೆ ಕತ್ತಿ ಹಿಡಿದವನು ಕೆಳಗೆ ನಿಂತು ಆಕಾಶ ನೋಡಬೇಕು. 13ನೇ ಲೆವೆಲ್‌ನಲ್ಲಿ ಪ್ರೊಫಿಷಿಯೆನ್ಸಿ (ಪಳಗಿದ ಕೆಲಸಗಳಿಗೆ ಸೇರುವ ಅಂಕ) +5. ಶಕ್ತಿ 20 ಇದ್ದು, ಕತ್ತಿ +1 ಆಗಿದ್ದರೆ ಹೊಡೆತಕ್ಕೆ ಒಟ್ಟು +11, ಅಂದರೆ ಆ ಡ್ರ್ಯಾಗನ್‌ಗೆ ತಗುಲಲು 8 ಅಥವಾ ಹೆಚ್ಚಿನ ಗರ ಬೀಳಬೇಕು, ನೂರಕ್ಕೆ 65ರಷ್ಟು ಸಾಧ್ಯತೆ. ತಗುಲಿದ ಪ್ರತಿ ಏಟಿಗೆ ಸರಾಸರಿ 13; ಮೂರು ಏಟಿನ ಸರದಿಗೆ, ಕ್ರಿಟಿಕಲ್ ಬಿಟ್ಟು, ಸುಮಾರು 25. ಬಿಲ್ಲುಗಾರನಿಗೆ ಚುರುಕುತನ 20, ಬಿಲ್ಲು +1, ಅದರ ಮೇಲೆ ಆರ್ಚರಿ ಎಂಬ ಫೈಟಿಂಗ್ ಸ್ಟೈಲ್‌ನಿಂದ ಇನ್ನೂ +2 ಸೇರಿ ಒಟ್ಟು +13; 6 ಬಿದ್ದರೆ ಸಾಕು, ನೂರಕ್ಕೆ 75. ಪ್ರತಿ ಬಾಣಕ್ಕೆ ಸರಾಸರಿ ಹತ್ತೂವರೆ, ಸರದಿಗೆ ಸುಮಾರು 23 ಅಥವಾ 24. ಎರಡಕ್ಕೂ ಇರುವ ಅಂತರ ಎರಡು ಪಾಯಿಂಟ್ ಕೂಡ ಅಲ್ಲ. ಆ ಅಲ್ಪ ನಷ್ಟಕ್ಕೆ ಪ್ರತಿಯಾಗಿ ಬಿಲ್ಲುಗಾರನಿಗೆ 150 ಅಡಿ ದೂರದಿಂದ ಹೊಡೆಯುವ ಅನುಕೂಲ ಸಿಗುತ್ತದೆ. ಯಾವ ಚೌಕದಲ್ಲಿ ನಿಲ್ಲಬೇಕು, ಯಾರನ್ನು ದಾಟಿ ಹೋದರೆ ಯಾರು ಹೊಡೆಯುತ್ತಾರೆ ಎಂಬ ತಲೆನೋವು ಬಹುಪಾಲು ತಪ್ಪುತ್ತದೆ, ಕೆಳಗೆ ನಿಂತು ಆಕಾಶ ನೋಡುವ ಪ್ರಸಂಗವೂ ಬರುವುದಿಲ್ಲ. ಶತ್ರು ಐದು ಅಡಿಯೊಳಗೆ ಬಂದು ನಿಂತರೆ ಬಾಣದ ಹೊಡೆತ ಡಿಸ್‌ಅಡ್ವಾಂಟೇಜ್‌ನಲ್ಲಿ (ಎರಡು ದಾಳ ಉರುಳಿಸಿ ಕಡಿಮೆಯದನ್ನು ಎಣಿಸುವಂತೆ) ಆಗುತ್ತದೆ ಎಂಬುದೊಂದೇ ತೊಡಕು. ಅಂಥ ಹೊತ್ತಿಗೆ ಸೊಂಟದಲ್ಲಿ ಒಂದು ರೇಪಿಯರ್ (ತೆಳ್ಳನೆಯ ಕತ್ತಿ) ಇರಲಿ.

ಫೈಟರ್‌ನ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ, ಸುಲಭದ ಕ್ಲಾಸ್ ಎಂದು ನಂಬಿ ಬಂದವರು ನಿರಾಶರಾಗುವುದು ಅಲ್ಲಿಯೇ. ಮೇಲಿನ ಲೆವೆಲ್‌ನ ಶತ್ರುಗಳು ಮೈಗಿಂತ ಮನಸ್ಸಿಗೆ ಹೊಡೆಯುತ್ತವೆ: ಹೆದರಿಸುತ್ತವೆ, ಮರುಳು ಮಾಡುತ್ತವೆ, ಕೈಕಾಲು ಕಟ್ಟಿಹಾಕುತ್ತವೆ. ಈಗ ಹೇಳಿದ ಡ್ರ್ಯಾಗನ್ ಹತ್ತಿರ ಬಂದರೆ ಸಾಕು, ಹೆದರದಿರಲು ವಿಸ್‌ಡಮ್ ಎಂಬ ಗುಣದ ಸೇವಿಂಗ್ ಥ್ರೋದಲ್ಲಿ ಒಟ್ಟು 19 ಬರಬೇಕು. ವಿಸ್‌ಡಮ್ 13 ಇರುವ ಫೈಟರ್‌ಗೆ ಕೂಡಿಸಲು ಸಿಗುವುದು +1 ಮಾತ್ರ. ಗೆಲ್ಲುವ ಸಾಧ್ಯತೆ ನೂರಕ್ಕೆ 15. ಹೆದರಿದವನು ಅದರ ಹತ್ತಿರ ಹೋಗುವಂತಿಲ್ಲ, ಅದು ಕಣ್ಣಿಗೆ ಕಾಣುತ್ತಿರುವವರೆಗೂ ಹೊಡೆತಗಳೆಲ್ಲ ಡಿಸ್‌ಅಡ್ವಾಂಟೇಜ್‌ನಲ್ಲಿ. ಮೊದಲ ದಿನದ ಆಟದಲ್ಲಿ ಅರ್ಧ ಹೊತ್ತು ಹೀಗೆ ಕಳೆದರೆ ಯಾರಿಗಾದರೂ ಬೇಸರವಾಗುತ್ತದೆ.

ಇದಕ್ಕೆ ಪರಿಹಾರ ಕ್ಯಾರೆಕ್ಟರ್ ಶೀಟ್ ಬರೆಯುವಾಗಲೇ ಇದೆ. ಅಂಕ ಹೆಚ್ಚಿಸಿಕೊಳ್ಳುವ ಅಥವಾ ಅದರ ಬದಲು ಫೀಟ್ ಎಂಬ ವಿಶೇಷ ಸಾಮರ್ಥ್ಯ ಪಡೆಯುವ ಅವಕಾಶ ಫೈಟರ್‌ಗೆ ಉಳಿದವರಿಗಿಂತ ಹೆಚ್ಚು. 13ನೇ ಲೆವೆಲ್ ಹೊತ್ತಿಗೆ 4, 6, 8, 12ನೇ ಲೆವೆಲ್‌ಗಳಲ್ಲಿ ನಾಲ್ಕು ಸಿಕ್ಕಿರುತ್ತವೆ. ಎರಡನ್ನು ಚುರುಕುತನ 20 ಮುಟ್ಟಲು ಬಳಸಿರಿ. ಮೂರನೆಯದರಲ್ಲಿ ರೆಸಿಲಿಯಂಟ್ ಎಂಬ ಫೀಟ್ ತೆಗೆದುಕೊಂಡು ವಿಸ್‌ಡಮ್ ಅನ್ನು ಆರಿಸಿದರೆ 13 ಇದ್ದದ್ದು 14 ಆಗಿ, ಪ್ರೊಫಿಷಿಯೆನ್ಸಿಯೂ ಸೇರಿ ಆ ಥ್ರೋ +7 ಆಗುತ್ತದೆ, ಸಾಧ್ಯತೆ 15ರಿಂದ 45ಕ್ಕೆ ಏರುತ್ತದೆ. ನಾಲ್ಕನೆಯದಕ್ಕೆ ಟಫ್ ಒಳ್ಳೆಯದು, ಲೆವೆಲ್‌ಗೆ ಎರಡರಂತೆ 26 ಹಿಟ್ ಪಾಯಿಂಟ್ ಒಮ್ಮೆಗೇ ಬರುತ್ತದೆ. ಮೈಕಟ್ಟು 14 ಇರುವ ಫೈಟರ್‌ನ 108 ಅದರಿಂದ 134 ಆಗುತ್ತದೆ. ಶಾರ್ಪ್‌ಶೂಟರ್ ತೆಗೆದುಕೊಳ್ಳಲಿಲ್ಲವೇಕೆ ಎಂದು ಹಳಬರು ಕೇಳಿಯೇ ಕೇಳುತ್ತಾರೆ. ಪ್ರತಿ ಬಾಣಕ್ಕೂ ಐದು ಕಳೆದು ಹತ್ತು ಕೂಡಿಸಲೋ ಬೇಡವೋ ಎಂದು ಯೋಚಿಸುವ ಹೊರೆ ಅದರ ಜೊತೆಗೇ ಬರುತ್ತದೆ ಎಂಬುದು ಉತ್ತರ. 14ನೇ ಲೆವೆಲ್‌ನಲ್ಲಿ ಫೈಟರ್‌ಗೆ ಇನ್ನೊಂದು ಅವಕಾಶ ಬರುತ್ತದೆ, ಆಗ ನೋಡಿಕೊಳ್ಳಬಹುದು.

ನಿಮ್ಮ ಗುಂಪು 2024ರ ನಿಯಮದಲ್ಲಿ ಆಡುತ್ತಿದ್ದರೆ ಫೈಟರ್ ಇನ್ನೂ ಗಟ್ಟಿ. ಹಳೆಯ ಇನ್‌ಡಾಮಿಟಬಲ್‌ನಲ್ಲಿ ಮತ್ತೆ ಉರುಳಿಸಿದರೂ ಕೂಡಿಸುವ ಅಂಕ ಹಿಂದಿನದೇ ಆಗಿರುವುದರಿಂದ, ಮೊದಲೇ ದುರ್ಬಲವಾದ ಥ್ರೋ ಎರಡನೆಯ ಸಲವೂ ಬಹುಮಟ್ಟಿಗೆ ಸೋಲುತ್ತದೆ. ಹೊಸ ನಿಯಮದಲ್ಲಿ ಮರು ಉರುಳಿಕೆಗೆ ಫೈಟರ್ ಲೆವೆಲ್ ಪೂರ್ತಿ, ಅಂದರೆ +13, ಸೇರುತ್ತದೆ. ಇದರ ಜೊತೆಗೆ ಆಯುಧಗಳಿಗೆ ಮಾಸ್ಟರಿ ಎಂಬ ಹೊಸ ಗುಣವೂ ಸೇರಿರುವುದರಿಂದ ಯೋಚಿಸುವ ಕೆಲಸ ಸ್ವಲ್ಪ ಹೆಚ್ಚು. ಒಂದೇ ಆಯುಧಕ್ಕೆ ಅಂಟಿಕೊಂಡರೆ ಅದೂ ತೊಂದರೆಯಲ್ಲ.

ರೋಗ್, ಬಾರ್ಬೇರಿಯನ್, ವಾರ್‌ಲಾಕ್

ಫೈಟರ್ ಬೇಡವೆನಿಸಿದರೆ ಎರಡನೆಯ ಸ್ಥಾನವನ್ನು ನಾನು ರೋಗ್‌ಗೆ ಕೊಡುತ್ತೇನೆ. ಕಾಳಗದ ಹೊರಗೆ, ಅಂದರೆ ಬೀಗ ತೆಗೆಯುವುದು, ನುಸುಳುವುದು, ಮಾತಿನಲ್ಲಿ ಮೋಸ ಮಾಡುವುದು ಇಂಥ ಕಡೆ, ಫೈಟರ್‌ಗಿಂತ ರೋಗ್‌ಗೆ ಕೆಲಸ ಹೆಚ್ಚು. 11ನೇ ಲೆವೆಲ್‌ನ ರಿಲಯಬಲ್ ಟ್ಯಾಲೆಂಟ್‌ನಿಂದ ತನಗೆ ಪ್ರೊಫಿಷಿಯೆನ್ಸಿ ಇರುವ ಕೌಶಲಗಳಲ್ಲಿ 9 ಅಥವಾ ಕಡಿಮೆ ಗರ ಬಿದ್ದರೂ ಅದನ್ನು 10 ಎಂದೇ ಎಣಿಸಬಹುದು. ಹೊಸಬರಿಗೆ ಇದು ದೊಡ್ಡ ಆಸರೆ, ಏಕೆಂದರೆ ಮೊದಲ ದಿನವೇ ಎಲ್ಲರೆದುರು ಕೆಟ್ಟ ಗರ ಬಿದ್ದು ನಗೆಪಾಟಲಾಗುವ ಭಯ ಇರುವುದಿಲ್ಲ. ಕಾಳಗದಲ್ಲಿ ಸರದಿಗೆ ಒಂದೇ ಹೊಡೆತ, ಆದರೆ ಸ್ನೀಕ್ ಅಟ್ಯಾಕ್ ಸೇರಿದರೆ ಅದು ಭಾರಿ: 13ನೇ ಲೆವೆಲ್‌ನಲ್ಲಿ ಏಳು ಆರುಮುಖದ ದಾಳಗಳು, ರೇಪಿಯರ್‌ನ ಹೊಡೆತವೂ ಕೂಡಿ ಸರಾಸರಿ 34. ಷರತ್ತು ಇಷ್ಟೇ: ರೇಪಿಯರ್, ಕಿರುಗತ್ತಿಯಂಥ ಚುರುಕಿನ ಆಯುಧ ಅಥವಾ ದೂರದಿಂದ ಹೊಡೆಯುವ ಆಯುಧ ಕೈಯಲ್ಲಿರಬೇಕು, ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದನ್ನು ಎಣಿಸುವ ಅನುಕೂಲ) ಇರಬೇಕು ಅಥವಾ ಗುರಿಯ ಐದು ಅಡಿಯೊಳಗೆ ನಿಮ್ಮ ಕಡೆಯವರೊಬ್ಬರು ನಿಂತಿರಬೇಕು, ಡಿಸ್‌ಅಡ್ವಾಂಟೇಜ್ ಇರಬಾರದು. ಗುಂಪಿನಲ್ಲಿ ಮುನ್ನುಗ್ಗಿ ಹೊಡೆಯುವವರು ಒಬ್ಬರಿದ್ದರೆ ಇದು ಬಹುತೇಕ ಪ್ರತಿ ಸರದಿಯೂ ಒದಗುತ್ತದೆ. ಏಳು ದಾಳ ಎಲ್ಲಿ ತರುವುದು ಎಂದು ಚಿಂತಿಸಬೇಕಿಲ್ಲ, ಬಿ.ಎಚ್. ರಸ್ತೆಯ ಯಾವ ಆಟಿಕೆ ಅಂಗಡಿಯಲ್ಲೂ ಸಿಗುವ ಲೂಡೋ ದಾಳಗಳೇ ಇವು, ಏಳನ್ನೂ ಒಟ್ಟಿಗೇ ಉರುಳಿಸಿ ಕೂಡಿಸಿದರಾಯಿತು.

ರೋಗ್‌ನ ಇನ್ನೊಂದು ಬಲ ಇವೇಷನ್. ಆ ಕೆಂಪು ಡ್ರ್ಯಾಗನ್ ಉಗುಳುವ ಬೆಂಕಿಗೆ 18 ಆರುಮುಖದ ದಾಳ, ಸರಾಸರಿ 63. ಅರ್ಧಕ್ಕೆ ಇಳಿಸಲು ಚುರುಕುತನದ ಥ್ರೋದಲ್ಲಿ 21 ಬರಬೇಕು. ಅದರಲ್ಲಿ ಪ್ರೊಫಿಷಿಯೆನ್ಸಿಯೂ ಇರುವ ರೋಗ್‌ಗೆ +10, ಸಾಧ್ಯತೆ ಸಮಸಮ. ಇವೇಷನ್‌ನಿಂದಾಗಿ, ಗೆದ್ದರೆ ಏನೂ ತಗುಲುವುದಿಲ್ಲ, ಸೋತರೂ ಅರ್ಧವಷ್ಟೇ. ಚುರುಕುತನ 10 ಇರುವ ಕವಚಧಾರಿ ಫೈಟರ್‌ಗಾದರೋ 20 ಬಿದ್ದರೂ 21 ಮುಟ್ಟುವುದಿಲ್ಲ. 94 ಹಿಟ್ ಪಾಯಿಂಟ್‌ನ ರೋಗ್ ಕೆಲವೊಮ್ಮೆ ತನಗಿಂತ ದಪ್ಪನೆಯವರಿಗಿಂತ ಹೆಚ್ಚು ಹೊತ್ತು ನಿಲ್ಲುವುದು ಇದರಿಂದಲೇ. 2024ರ ನಿಯಮದಲ್ಲಿ ಸ್ನೀಕ್ ಅಟ್ಯಾಕ್‌ನ ದಾಳಗಳನ್ನು ಬಿಟ್ಟುಕೊಟ್ಟು ಬೇರೆ ಪರಿಣಾಮಗಳನ್ನು ಕೊಳ್ಳುವ ಕನ್ನಿಂಗ್ ಸ್ಟ್ರೈಕ್ ಬಂದಿದೆ. ಮೊದಲ ಕೆಲವು ಸೆಷನ್ ಅದನ್ನು ಮರೆತೇ ಆಡಿರಿ.

ಬಾರ್ಬೇರಿಯನ್ ಅನ್ನು ಎಲ್ಲರೂ ಅತಿ ಸುಲಭ ಎನ್ನುತ್ತಾರೆ, ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಸಿಟ್ಟಿಗೇಳುವುದು, ನುಗ್ಗಿ ಹೊಡೆಯುವುದು ಎಂಬ ಎರಡೇ ಕೆಲಸ ಇರುವುದು ನಿಜ, ಮೈಕಟ್ಟು 16 ಇದ್ದರೆ 135 ಹಿಟ್ ಪಾಯಿಂಟ್ ಇರುವುದೂ ನಿಜ. ಆದರೆ ರೇಜ್‌ನಲ್ಲಿ, ಅಂದರೆ ಆ ಸಿಟ್ಟಿನಲ್ಲಿ, ಅರ್ಧಕ್ಕಿಳಿಯುವುದು ಕತ್ತಿ, ಬಾಣ, ಗದೆಯಂಥ ಏಟುಗಳು ಮಾತ್ರ. ಬೆಂಕಿ, ಮಿಂಚು, ವಿಷಗಳು ಪೂರ್ತಿ ತಗುಲುತ್ತವೆ, ಮೇಲಿನ ಲೆವೆಲ್‌ನಲ್ಲಿ ಇವುಗಳದ್ದೇ ಕಾರುಬಾರು. ಒಂದು ಸುತ್ತು ಯಾರನ್ನೂ ಹೊಡೆಯದೆ, ಏಟೂ ತಿನ್ನದೆ ಕಳೆದರೆ ರೇಜ್ ಇಳಿದುಹೋಗುತ್ತದೆ. ದೂರ ಹಾರಿದ ಶತ್ರುವಿನ ಮುಂದೆ ಇದು ಆಗಾಗ ಆಗುವಂಥದ್ದೇ. ಬಾರ್ಬೇರಿಯನ್ನನ್ನೇ ಆಡುವ ಮನಸ್ಸಿದ್ದರೆ ಟೋಟೆಮ್ ವಾರಿಯರ್ ಆಗಿ ಕರಡಿಯನ್ನು ಆರಿಸಿಕೊಳ್ಳಿ. ಆಗ ಮನಸ್ಸಿಗೆ ತಗುಲುವ ಸೈಕಿಕ್ ಹಾನಿಯೊಂದನ್ನು ಬಿಟ್ಟು ಉಳಿದೆಲ್ಲ ಹಾನಿಯೂ ಅರ್ಧವಾಗುತ್ತದೆ. 2014ರ ಬರ್ಸರ್ಕರ್‌ನ ಫ್ರೆಂಝಿ ಬಳಸಿದಾಗಲೆಲ್ಲ ದಣಿವಿನ ಒಂದೊಂದು ಹಂತ ಏರುತ್ತದೆ, ಆ ಉಪವಿಭಾಗ ಹೊಸಬರಿಗೆ ಬೇಡ.

ಮಾಯಾಮಂತ್ರವಿಲ್ಲದೆ ಇಂಥ ಆಟ ಏಕೆ ಆಡಬೇಕು ಎನ್ನುವವರೂ ಇರುತ್ತಾರೆ, ಅವರ ಆಸೆ ನ್ಯಾಯವಾದದ್ದು. ಅಂಥವರಿಗೆ ವಾರ್‌ಲಾಕ್. 13ನೇ ಲೆವೆಲ್‌ನ ವಾರ್‌ಲಾಕ್‌ಗೆ ಸ್ಲಾಟ್‌ಗಳು ಮೂರೇ, ಮೂರೂ ಐದನೇ ಹಂತದವು. ಯಾವ ಹಂತದ ಸ್ಲಾಟ್ ಖರ್ಚು ಮಾಡಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ, ಸ್ವಲ್ಪ ವಿರಾಮ ಸಿಕ್ಕರೆ ಮೂರೂ ಮರಳುತ್ತವೆ. ಆರನೆಯ ಮತ್ತು ಏಳನೆಯ ಹಂತದ ಒಂದೊಂದು ಸ್ಪೆಲ್ ದಿನಕ್ಕೊಮ್ಮೆ. ಉಳಿದ ಸರದಿಗಳಲ್ಲೆಲ್ಲ ಎಲ್ಡ್ರಿಚ್ ಬ್ಲಾಸ್ಟ್: 120 ಅಡಿವರೆಗೆ ಮೂರು ಕಿರಣಗಳು, ಅಗನೈಸಿಂಗ್ ಬ್ಲಾಸ್ಟ್ ಎಂಬ ಇನ್ವೊಕೇಷನ್ (ವಾರ್‌ಲಾಕ್ ಆರಿಸಿಕೊಳ್ಳುವ ವಿಶೇಷ ಶಕ್ತಿ) ಸೇರಿದರೆ ಒಂದೊಂದಕ್ಕೆ ಸರಾಸರಿ ಹತ್ತೂವರೆ, ಹೆಚ್ಚುಕಡಿಮೆ ನಮ್ಮ ಬಿಲ್ಲುಗಾರನ ಬಾಣಗಳಷ್ಟೇ. ಗೊತ್ತಿರುವ ಸ್ಪೆಲ್‌ಗಳು 12 ಮಾತ್ರ, ಅವೂ ದಿನದಿನಕ್ಕೆ ಬದಲಾಗುವುದಿಲ್ಲ. ಒಂದು ಹಾಳೆಯ ಎರಡೂ ಬದಿಯಲ್ಲಿ ಬರೆದುಕೊಂಡರೆ ಮುಗಿಯಿತು. ಇನ್ವೊಕೇಷನ್‌ಗಳನ್ನು ಆರಿಸುವಾಗ ಕತ್ತಲಲ್ಲೂ ಕಾಣುವ ಡೆವಿಲ್ಸ್ ಸೈಟ್‌ನಂತೆ ಸದಾ ಇರುವಂಥವನ್ನೇ ಆರಿಸಿ, ಇನ್ನಷ್ಟು ಸ್ಪೆಲ್ ಕೊಡುವಂಥವನ್ನು ಬಿಡಿ. ವಾರ್‌ಲಾಕ್ ಸುಲಭವೋ ಅಲ್ಲವೋ ಎಂಬುದು ನಿಮ್ಮ ಡಿಎಂ ಮೇಲೆಯೂ ನಿಂತಿದೆ, ಏಕೆಂದರೆ ದಿನವಿಡೀ ವಿರಾಮ ಕೊಡದೆ ಓಡಿಸುವ ಡಿಎಂ ಕೈಯಲ್ಲಿ ಮೂರು ಸ್ಲಾಟ್‌ಗಳು ಬೇಗ ಬರಿದಾಗುತ್ತವೆ.

ಉಳಿದವುಗಳ ಬಗ್ಗೆ ಎರಡು ಮಾತು ಸಾಕು. ರೇಂಜರ್ ಬಿಲ್ಲು ಹಿಡಿದರೆ ಪರವಾಗಿಲ್ಲ, ಫೈಟರ್‌ಗಿಂತ ಹೆಚ್ಚೇನೂ ಸುಲಭವಲ್ಲ. ಮಂಕ್‌ನ ಸರದಿಯಲ್ಲಿ ಏಟುಗಳೂ ಹೆಚ್ಚು, ಪ್ರತಿ ಏಟಿಗೂ ಕೀ ಪಾಯಿಂಟ್ (ವಿಶೇಷ ಪಟ್ಟುಗಳಿಗೆ ಬೇಕಾದ ಅಂಕ) ಖರ್ಚು ಮಾಡುವ ಯೋಚನೆಯೂ ಇರುತ್ತದೆ. ಪ್ಯಾಲಡಿನ್ ಮೇಲ್ನೋಟಕ್ಕೆ ಕತ್ತಿ ಹಿಡಿದ ಸರಳ ಯೋಧನಂತೆ ಕಂಡರೂ ಸ್ಪೆಲ್‌ಗಳು, ಏಟಿಗೆ ಹೆಚ್ಚಿನ ಹಾನಿ ಸೇರಿಸುವ ಸ್ಮೈಟ್, ಗಾಯ ವಾಸಿ ಮಾಡುವ 65 ಪಾಯಿಂಟ್‌ನ ಲೇ ಆನ್ ಹ್ಯಾಂಡ್ಸ್, ಜೊತೆಯವರನ್ನು ಕಾಯುವ ಹತ್ತು ಅಡಿಯ ಆರಾ ಎಲ್ಲವನ್ನೂ ಒಟ್ಟಿಗೆ ನಡೆಸಬೇಕು. ಬಾರ್ಡ್ ಮತ್ತು ಸಾರ್ಸರರ್ ವಿಝಾರ್ಡ್‌ನಷ್ಟು ಭಾರವಲ್ಲ, ಆದರೂ ಹೊಸಬರಿಗೆ ಭಾರವೇ. ಡ್ರುಯಿಡ್ ಅಂತೂ ಬೇಡವೇ ಬೇಡ: ಪ್ರಾಣಿರೂಪಗಳಿಗೆ ಒಂದೊಂದು ಬೇರೆ ಅಂಕಿಅಂಶದ ಪಟ್ಟಿ, 2014ರ ನಿಯಮದಲ್ಲಿ ಒಂದೇ ಸ್ಪೆಲ್‌ಗೆ ಎಂಟು ಪ್ರಾಣಿಗಳನ್ನು ಕರೆಸಿ ಎಂಟಕ್ಕೂ ದಾಳ ಉರುಳಿಸುವ ಸಾಹಸ. ಎರಡು ಕ್ಲಾಸ್‌ಗಳನ್ನು ಬೆರೆಸುವ ಮಲ್ಟಿಕ್ಲಾಸ್ ಅನ್ನು ಯಾರಾದರೂ ಎಷ್ಟೇ ಹೊಗಳಿದರೂ ಈಗಲೇ ಅದಕ್ಕೆ ಕೈಹಾಕಬೇಡಿ.

ಗುಂಪಿನ ಒತ್ತಾಯದ ಬಗ್ಗೆ

ಬಿಟ್ಟುಹೋದವರು ಕ್ಲೆರಿಕ್ (ದೈವಶಕ್ತಿಯ ಪುರೋಹಿತ) ಆಗಿದ್ದರೆ ಆ ಪಾತ್ರವನ್ನು ಹೊಸಬರ ಮೇಲೆ ಹೊರಿಸುವ ವಾಡಿಕೆಯೊಂದಿದೆ. “ಗಾಯ ವಾಸಿ ಮಾಡುವುದಷ್ಟೇ, ಏನೂ ಕಷ್ಟವಿಲ್ಲ” ಎಂದು ಹೇಳುತ್ತಾರೆ. 13ನೇ ಲೆವೆಲ್‌ನ ಕ್ಲೆರಿಕ್ ವಿಸ್‌ಡಮ್ 20 ಇದ್ದರೆ 18 ಸ್ಪೆಲ್ ಸಿದ್ಧಪಡಿಸುತ್ತಾನೆ, ಅದರ ಮೇಲೆ ಡೊಮೇನ್ ಎಂಬ ಉಪವಿಭಾಗದಿಂದ 10 ಬರುತ್ತವೆ, ಒಟ್ಟು 28. ಅವುಗಳಲ್ಲಿ ಗಾಯ ವಾಸಿ ಮಾಡುವವು ಕೆಲವೇ. ಯಾರನ್ನು ಯಾವಾಗ ಎತ್ತಬೇಕು, ಯಾವ ಶಾಪಕ್ಕೆ ಯಾವ ಮದ್ದು ಎಂಬ ತೀರ್ಮಾನ ತಪ್ಪಿದರೆ ಇಡೀ ಗುಂಪು ನೆಲಕಚ್ಚುತ್ತದೆ. ಆ ಹೊಣೆ ಹಳಬರೊಬ್ಬರದ್ದಾಗಬೇಕು. “ಅಣ್ಣ, ಮೊದಲು ಆಟ ಕಲಿತುಕೊಳ್ಳುತ್ತೇನೆ, ಕ್ಲೆರಿಕ್ ಅನ್ನು ನಿಮ್ಮಲ್ಲೇ ಒಬ್ಬರು ತೆಗೆದುಕೊಳ್ಳಿ” ಎಂದು ವಿನಯದಿಂದಲೇ ಹೇಳಿಬಿಡಿ; ಒಳ್ಳೆಯ ಗುಂಪು ಒಪ್ಪುತ್ತದೆ. ಗಾಯದ ಚಿಂತೆಗೆ 50 ಚಿನ್ನದ ನಾಣ್ಯಕ್ಕೆ ಒಂದರಂತೆ ಸಿಗುವ ಹೀಲಿಂಗ್ ಪೋಷನ್‌ಗಳು ಸ್ವಲ್ಪ ಮಟ್ಟಿಗಾದರೂ ಒದಗುತ್ತವೆ.

ಮೊದಲ ಸೆಷನ್‌ಗೆ ಮುಂಚೆ

ಡಿಎಂ ಜೊತೆ ಫೋನಿನಲ್ಲಾದರೂ ಅರ್ಧ ಗಂಟೆ ಮಾತನಾಡಿರಿ. ಯಾವ ವರ್ಷದ ನಿಯಮ, ಯಾವ ಲೆವೆಲ್‌ನಿಂದ ಶುರು, ಗುಂಪಿನಲ್ಲಿ ಯಾರು ಯಾವ ಕ್ಲಾಸ್ ಆಡುತ್ತಿದ್ದಾರೆ, ಫೀಟ್‌ಗಳಿಗೆ ಅನುಮತಿ ಇದೆಯೇ, ವಿರಾಮಗಳು ಎಷ್ಟು ಬಾರಿ ಸಿಗುತ್ತವೆ ಎಂಬುದನ್ನು ಕೇಳಿಕೊಳ್ಳಿ. 2014ರ ಮೂಲ ನಿಯಮಗಳ ಬಹುಭಾಗ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಬಿಡುಗಡೆಯಾಗಿರುವುದರಿಂದ ದುಬಾರಿ ಪುಸ್ತಕ ಕೊಳ್ಳುವ ಅಗತ್ಯ ಕೂಡಲೇ ಇಲ್ಲ, ಚಾಂಪಿಯನ್ ಅದರಲ್ಲಿದೆ. ರೆಸಿಲಿಯಂಟ್, ಟಫ್‌ನಂತಹ ಫೀಟ್‌ಗಳು ಅದರಲ್ಲಿಲ್ಲ, ಅವುಗಳಿಗೆ ಜೊತೆಯವರ ಪುಸ್ತಕ ನೋಡಬೇಕು.

ಹಣ ಮತ್ತು ಮಾಯಾವಸ್ತುಗಳ ಮಾತನ್ನು ಸಂಕೋಚವಿಲ್ಲದೆ ಎತ್ತಿರಿ. 2014ರ ಡಿಎಂ ಕೈಪಿಡಿಯ ಪ್ರಕಾರ 11ರಿಂದ 16ನೇ ಲೆವೆಲ್‌ನಲ್ಲಿ ಶುರು ಮಾಡುವವರಿಗೆ 5,000 ಚಿನ್ನದ ನಾಣ್ಯ, ಅದರ ಮೇಲೆ ಹತ್ತು ಮುಖದ ದಾಳದ ಗರವನ್ನು 250ರಿಂದ ಗುಣಿಸಿದಷ್ಟು ಹೆಚ್ಚುವರಿ, ಸಾಮಾನ್ಯ ಕ್ಯಾಂಪೇನ್‌ನಲ್ಲಿ ಅನ್‌ಕಾಮನ್ ದರ್ಜೆಯ ಎರಡು ಮಾಯಾವಸ್ತುಗಳು. ಬಿಲ್ಲುಗಾರನಿಗೆ ನಾನು ಕೇಳುವುದು +1 ಲಾಂಗ್‌ಬೋ ಮತ್ತು ಕ್ಲೋಕ್ ಆಫ್ ಪ್ರೊಟೆಕ್ಷನ್. ಆ ಹೊದಿಕೆ ಆರ್ಮರ್ ಕ್ಲಾಸ್‌ಗೂ ಎಲ್ಲ ಸೇವಿಂಗ್ ಥ್ರೋಗಳಿಗೂ ಒಂದೊಂದು ಕೂಡಿಸುವುದರಿಂದ ಡ್ರ್ಯಾಗನ್‌ನ ಭಯದ ಎದುರು 45 ಇದ್ದ ಸಾಧ್ಯತೆ 50 ಆಗುತ್ತದೆ. ಹಟಹಿಡಿದು ಕತ್ತಿಯನ್ನೇ ಆರಿಸಿದವರು +1 ಕತ್ತಿ ಮತ್ತು ಹಾರಲು ವಿಂಗ್ಡ್ ಬೂಟ್ಸ್ ಕೇಳಬೇಕು, 1,500 ನಾಣ್ಯ ಕೊಟ್ಟು ಪ್ಲೇಟ್ ಕವಚವನ್ನೂ ಕೊಳ್ಳಬೇಕು. ಮಾಯೆಯಿಲ್ಲದ ಆಯುಧದ ಏಟನ್ನು ಅರ್ಧಕ್ಕಿಳಿಸುವ ಪ್ರಾಣಿಗಳು 2014ರ ನಿಯಮದಲ್ಲಿ ಬಹಳ ಇರುವುದರಿಂದ +1 ಆಯುಧವನ್ನು ಮಾತ್ರ ಯಾರೂ ಬಿಡಬಾರದು. ಗುಂಪಿನಲ್ಲಿ ಪ್ಯಾಲಡಿನ್ ಇದ್ದರೆ ಅದು ನಿಮ್ಮ ಅದೃಷ್ಟ: ಅವರ ಹತ್ತು ಅಡಿಯೊಳಗೆ ನಿಂತರೆ ಅವರ ಕರಿಸ್ಮಾ ಮಾಡಿಫೈಯರ್ ನಿಮ್ಮ ಸೇವಿಂಗ್ ಥ್ರೋಗಳಿಗೂ ಸೇರುತ್ತದೆ.

ಕ್ಯಾರೆಕ್ಟರ್ ಶೀಟ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಸರದಿ ಬಂದಾಗ ಅದರಲ್ಲಿ ಹುಡುಕುವುದು ಕಷ್ಟ. ಅದಕ್ಕೆ ಬೇರೆಯೇ ಒಂದು ಚೀಟಿ ಬರೆದುಕೊಳ್ಳಿ, ಮೇಜಿನ ಸುತ್ತ ಕನ್ನಡದಲ್ಲೇ ಮಾತನಾಡುವ ಗುಂಪಾದರೆ ಕನ್ನಡದಲ್ಲೇ ಬರೆಯಿರಿ. ಬಿಲ್ಲುಗಾರನ ಚೀಟಿ ಹೀಗಿರಬಹುದು: “ಮೂರು ಬಾಣ. ಪ್ರತಿಯೊಂದಕ್ಕೂ 20 ಮುಖದ ದಾಳ, 13 ಕೂಡಿಸು. 19, 20 ಬಿದ್ದರೆ ಕ್ರಿಟಿಕಲ್, ಹಾನಿಯ ದಾಳ ಎರಡು ಪಟ್ಟು. ತಗುಲಿದರೆ ಎಂಟು ಮುಖದ ದಾಳ, 6 ಕೂಡಿಸು. ಹಿಟ್ ಪಾಯಿಂಟ್ 60ಕ್ಕಿಂತ ಕೆಳಗಿಳಿದರೆ ಸೆಕೆಂಡ್ ವಿಂಡ್. ದೊಡ್ಡ ಶತ್ರು ಎದುರಾದ ಮೊದಲ ಸರದಿಯಲ್ಲೇ ಆ್ಯಕ್ಷನ್ ಸರ್ಜ್.” ಕೊನೆಯ ಸಾಲನ್ನು ಬೇಕೆಂದೇ ಸೇರಿಸಿದ್ದೇನೆ, ಏಕೆಂದರೆ ಹೊಸಬರು ಅದನ್ನು ಆಪತ್ಕಾಲಕ್ಕೆಂದು ಉಳಿಸಿ ಉಳಿಸಿ ಬಳಸದೆಯೇ ಕಾಳಗ ಮುಗಿಸುತ್ತಾರೆ. ಮೂರು ಬಾಣಕ್ಕೆ ಮೂರು ಬಣ್ಣದ 20 ಮುಖದ ದಾಳಗಳನ್ನು, ಅದೇ ಬಣ್ಣಗಳ ಮೂರು ಎಂಟು ಮುಖದ ದಾಳಗಳನ್ನು ಒಟ್ಟಿಗೆ ಉರುಳಿಸಿದರೆ ಒಂದು ನಿಮಿಷದೊಳಗೆ ಸರದಿ ಮುಗಿಯುತ್ತದೆ.

ಸಾಧ್ಯವಾದರೆ ಡಿಎಂ ಅಥವಾ ಹಳಬರೊಬ್ಬರ ಜೊತೆ ಕೂತು ಒಂದು ಸುಳ್ಳು ಕಾಳಗವನ್ನು ಪೂರ್ತಿ ಆಡಿ ನೋಡಿ. ಅದರಲ್ಲಿ ಹಾರುವ ಶತ್ರು ಒಂದು, ಹೆದರಿಸುವ ಅಥವಾ ಮರುಳುಮಾಡುವ ಶತ್ರು ಒಂದು ಇರಲಿ. ನಿಮ್ಮ ಪಾತ್ರ ಎಲ್ಲಿ ಕೈಕಟ್ಟಿ ನಿಲ್ಲುತ್ತದೆ ಎಂಬುದು ಇವೆರಡರ ಎದುರೇ ಗೊತ್ತಾಗುವುದು. ಕಥೆಯೊಳಗೆ ಪಾತ್ರ ಹೇಗೆ ಬರುತ್ತದೆ ಎಂಬುದನ್ನು ಡಿಎಂಗೆ ಬಿಡಬಹುದು. ಗುಂಪಿನ ಯಾರಾದರೊಬ್ಬರಿಗೆ ಹಳೆಯ ಪರಿಚಯಸ್ಥನಾಗಿಯೋ ದೂರದ ನೆಂಟನಾಗಿಯೋ ಬಂದರೆ ಮೊದಲ ದಿನದಿಂದಲೇ ಮಾತಿಗೆ ಒಂದು ನೆಪ ಸಿಗುತ್ತದೆ.

ಆರಿಸಿದ ಕ್ಲಾಸ್‌ಗೇ ಕೊನೆಯವರೆಗೂ ಕಟ್ಟುಬೀಳಬೇಕೆಂದಿಲ್ಲ. ಶುರುವಿನಲ್ಲೇ ಡಿಎಂ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ: ಮೂರು ನಾಲ್ಕು ಸೆಷನ್ ಕಳೆದ ಮೇಲೆ ಫೀಟ್, ಉಪವಿಭಾಗ, ಬೇಕಾದರೆ ಕ್ಲಾಸ್ ಅನ್ನೇ ಬದಲಿಸಲು ಒಮ್ಮೆ ಅವಕಾಶ. ಅಷ್ಟು ಹೊತ್ತಿಗೆ ಬಿಲ್ಲು ಬೇಸರ ತರಿಸಿದ್ದರೆ ಮೊದಲು ಉಪವಿಭಾಗವನ್ನಷ್ಟೇ ಬದಲಿಸಿ, ಚಾಂಪಿಯನ್ ಬದಲು ಬ್ಯಾಟಲ್ ಮಾಸ್ಟರ್ ಆಗಿ ನೋಡಿರಿ. ಬಾಣ ಅದೇ, ಲೆಕ್ಕ ಅದೇ, ಮೇಲೆ ಕೆಲವು ಪಟ್ಟುಗಳು ಮಾತ್ರ ಹೊಸದಾಗಿ ಸೇರುತ್ತವೆ. ಅದೂ ಸಾಲದೆನಿಸಿದವರು ವಾರ್‌ಲಾಕ್‌ಗೆ ಹೋಗಬಹುದು. ದೂರದಿಂದ ಸರದಿಗೆ ಮೂರು ಹೊಡೆತ ಹೊಡೆಯುವ ಅಭ್ಯಾಸ ಅಲ್ಲೂ ಉಪಯೋಗಕ್ಕೆ ಬರುವುದರಿಂದ ಹೊಸದಾಗಿ ಕಲಿಯಬೇಕಾದದ್ದು ಮುಖ್ಯವಾಗಿ ಆ ಹನ್ನೆರಡು ಸ್ಪೆಲ್‌ಗಳು ಮತ್ತು ದಿನಕ್ಕೊಮ್ಮೆ ಬಳಸುವ ಆ ಎರಡು.